ಹಳೆಯ ಬೇಸ್‌ಬಾಲ್ ಪ್ರೋಗ್ರಾಂಗಳಿಗೆ ಪಾಲಿಯೆಸ್ಟರ್ ಕವರ್: ಪೆನ್ಸಿಲ್ ಗುರುತಿದ್ದರೆ ಜೋಪಾನ

ಮೂರು ಬದಿ ಮುಚ್ಚಿ ಮೇಲ್ಬದಿ ಮಾತ್ರ ತೆರೆದಿರುವ, 4 ಮಿಲ್ ಅಂದರೆ ಸುಮಾರು 100 ಮೈಕ್ರಾನ್ ದಪ್ಪದ ಪಾಲಿಯೆಸ್ಟರ್ ಕವರ್; ಒಳಗೊಂದು ಆಮ್ಲರಹಿತ ರಟ್ಟು. ಆಟದ ದಿನ ಮೈದಾನದಲ್ಲಿ ಮಾರುತ್ತಿದ್ದ, ಮಧ್ಯದಲ್ಲಿ ಸ್ಕೋರ್ ಹಾಳೆಯಿರುವ ಪ್ರೋಗ್ರಾಂ ಪುಸ್ತಿಕೆಯಲ್ಲಿ ಏನೂ ಬರೆದಿರದಿದ್ದರೆ ಈ ಜೋಡಿಯನ್ನು ಕಣ್ಣುಮುಚ್ಚಿ ಕೊಳ್ಳಬಹುದು. ಪಿವಿಸಿ ಕವರಿನ ಹಾಗೆ ಇದು ಮುಖಪುಟದ ಶಾಯಿಯನ್ನು ಎಳೆದುಕೊಳ್ಳುವುದಿಲ್ಲ, ಹಳದಿಗಟ್ಟುವುದೂ ಇಲ್ಲ. 2 ಮಿಲ್‌ನದು ಅಗ್ಗ ನಿಜ, ಆದರೆ ನೆಟ್ಟಗೆ ನಿಲ್ಲಿಸಿದರೆ ಬಳುಕಿ ಪುಸ್ತಿಕೆಯ ಮೂಲೆಯನ್ನೂ ಮಡಚುತ್ತದೆ.

ತಕರಾರು ಇರುವುದು ಪೆನ್ಸಿಲ್‌ನಲ್ಲಿ ಸ್ಕೋರ್ ತುಂಬಿದ ಪ್ರತಿಗಳಲ್ಲಿ. ಪಾಲಿಯೆಸ್ಟರ್ ಉಜ್ಜಿದಷ್ಟೂ ಸ್ಥಿರ ವಿದ್ಯುತ್ ಏರಿ ಪೆನ್ಸಿಲ್ ಪುಡಿಯನ್ನು ಸೆಳೆಯುತ್ತದೆ. ಸ್ಕೋರ್ ಹಾಳೆಯನ್ನೇ ಹೊರಗೆ ಮಡಚಿ ನಾಲ್ಕು ಸಲ ತೂರಿಸಿ ತೆಗೆದರೆ ಕವರಿನ ಒಳಮೈಗೆ ಬೂದು ಮಸಿ ಹತ್ತಿರುತ್ತದೆ, ಚೌಕದೊಳಗಿನ 6-4-3, ಅಂದರೆ ಚೆಂಡು ಯಾವ ಆಟಗಾರನಿಂದ ಯಾರಿಗೆ ಹೋಯಿತೆಂಬ ಅಂಕಿಗುರುತು, ಮಸುಕಾಗಿರುತ್ತದೆ.

ಊರು ಬಿಟ್ಟ ತಂಡಗಳ ಪ್ರೋಗ್ರಾಂಗಳಿಗೆ ಇದು ಸಣ್ಣ ನಷ್ಟವಲ್ಲ. ಆ ಕಾಲದ ಎಷ್ಟೋ ಸ್ಕೋರ್‌ಕಾರ್ಡ್‌ಗಳಲ್ಲಿ ಆಟದ ತಾರೀಕೇ ಇಲ್ಲ. ಒಂದೇ ಮುಖಪುಟ ಹಲವು ಆಟಗಳಿಗೆ ಮಾರಾಟವಾಗುತ್ತಿತ್ತು. ಬ್ರೂಕ್ಲಿನ್ ಡಾಜರ್ಸ್ ತನ್ನ ತವರು ಮೈದಾನ ಎಬೆಟ್ಸ್ ಫೀಲ್ಡ್‌ನಲ್ಲಿ ಕೊನೆಯದಾಗಿ ಆಡಿದ್ದು 1957ರ ಸೆಪ್ಟೆಂಬರ್ 24ರಂದು, 6,702 ಜನರ ಮುಂದೆ. ಕೈಯಲ್ಲಿರುವುದು ಆ ದಿನದ್ದೇ ಅನ್ನಲು ಸಾಕ್ಷಿ ಮಧ್ಯದ ಹಾಳೆ: ಪಿಚರ್, ಅಂದರೆ ಚೆಂಡು ಎಸೆಯುವವನ ಜಾಗದಲ್ಲಿ ಡ್ಯಾನಿ ಮೆಕ್‌ಡೆವಿಟ್ ಹೆಸರು, ಪಿಟ್ಸ್‌ಬರ್ಗ್ ಎದುರು ಒಂಬತ್ತು ಇನಿಂಗ್ಸ್‌ಗೂ ಸೊನ್ನೆ, ಕೊನೆಗೆ 2-0. ಬಾಸ್ಟನ್ ಬ್ರೇವ್ಸ್ ವಿಷಯ ಇನ್ನೂ ಕಷ್ಟ. ಮಿಲ್ವಾಕಿಗೆ ಹೋಗುವ ತೀರ್ಮಾನವಾದದ್ದು 1953ರ ಮಾರ್ಚ್‌ನಲ್ಲಿ. 1952ರ ಪ್ರೋಗ್ರಾಂ ಅಚ್ಚಾಗುವಾಗ ವಿದಾಯದ ಮುಖಪುಟ ಮಾಡುವ ಪ್ರಶ್ನೆಯೇ ಇರಲಿಲ್ಲ. ಸಿಯಾಟಲ್ ಪೈಲಟ್ಸ್ ಸಂಗ್ರಹಿಸುವವರಿಗೆ ಅಷ್ಟು ಪೇಚಿಲ್ಲ, ತಂಡ ಬಾಳಿದ್ದೇ 1969ರ ಒಂದು ಸೀಸನ್.

ಹಾಗಾಗಿ ಬರೆದ ಪ್ರತಿಗೆ ಎರಡು ಬದಿ ಮಾತ್ರ ಮುಚ್ಚಿದ, ಇಂಗ್ಲಿಷ್ ಎಲ್ ಆಕಾರದ ಕವರ್ ತೆಗೆದುಕೊಳ್ಳಿ. ಮೇಲಿನ ಪದರ ಎತ್ತಿ, ರಟ್ಟಿನ ಮೇಲೆ ಪುಸ್ತಿಕೆ ಮಲಗಿಸಿ, ಪದರವನ್ನು ಹಾಗೇ ಇಳಿಸಬೇಕು, ಜಾರಿಸುವ ಕೆಲಸವಿಲ್ಲ. ಸ್ಕೋರ್ ಹಾಳೆ ಒಳಮುಖವಾಗಿಯೇ ಇರಲಿ, ನಡುವೆ ತೆಳುವಾದ ಆಮ್ಲರಹಿತ ಟಿಶ್ಯೂ ಹಾಕಿ. ಸುತ್ತ 6 ಮಿಲಿಮೀಟರ್ ಜಾಗ ಸಾಕು. ಹೆಚ್ಚಾದರೆ ಪುಸ್ತಿಕೆ ಒಳಗೇ ಓಡಾಡಿ ಉಜ್ಜುತ್ತದೆ. ತೆರೆದ ಬದಿಗಳಿಗೆ ಟೇಪ್ ಹಚ್ಚಬೇಡಿ, ಹಳೆಯ ಕಾಗದ ಬಿಡುವ ಆಮ್ಲ ಹೊರಹೋಗದೆ ಕಾಗದವನ್ನೇ ಬೇಗ ತಿನ್ನುತ್ತದೆ.

ರಟ್ಟಿನ ಪೊಟ್ಟಣದ ಮೇಲಿನ ಮಾತನ್ನು ನಂಬಬೇಡಿ. ಕೆಲವದರಲ್ಲಿ ಮೇಲ್ಮೈ ಮಾತ್ರ ಆಮ್ಲರಹಿತ. ಒಂದನ್ನು ಕತ್ತರಿಸಿ, ಕೊಯ್ದ ಅಂಚಿಗೆ ಆಮ್ಲ ಪರೀಕ್ಷಿಸುವ ಪಿಎಚ್ ಪೆನ್ ಎಳೆಯಿರಿ: ನೇರಳೆ ಬಂದರೆ ಸರಿ, ಹಳದಿ ಬಂದರೆ ವಾಪಸ್. ಮಡಿಕೆಯ ಪಿನ್ ತುಕ್ಕು ಹಿಡಿದಿದ್ದರೆ ಎಂಥ ಕವರ್ ಆದರೂ ಅದನ್ನು ತಡೆಯದು. ಕೋಣೆಯ ತೇವಾಂಶ ಶೇಕಡಾ 50ರ ಕೆಳಗಿರಬೇಕು. ಸ್ಕೋರ್ ಹಾಳೆಯನ್ನು ಒಮ್ಮೆ ಸ್ಕ್ಯಾನ್ ಮಾಡಿ ಅದರ ಪ್ರತಿಯನ್ನು ಬೇರೆ ಫೈಲಿನಲ್ಲಿಟ್ಟರೆ, ನೋಡಬೇಕೆನಿಸಿದಾಗಲೆಲ್ಲ ಮೂಲವನ್ನು ಹೊರತೆಗೆಯುವ ಅಗತ್ಯ ಬೀಳುವುದಿಲ್ಲ.