ಮೂರು ಲೀಟರಿನ ಅಲ್ಟ್ರಾಸಾನಿಕ್ ಕ್ಲೀನರ್: ಬಹುಕಾಲ ಬಳಸಿದ ಮೇಲೆ

ಹೊಗೆ ಹಿಡಿದ, ಕೆಸರು ತುಂಬಿದ ಸಾಮಾನು ಉಳಿಸಿಕೊಳ್ಳಲು ಇದನ್ನು ಕೊಳ್ಳುವವರಿಗೆ ಒಂದು ಮಾತು: ಇದು ಕೊಳೆ ಬಿಡಿಸುತ್ತದೆ, ರಿಪೇರಿ ಮಾಡುವುದಿಲ್ಲ. ತುಕ್ಕು ತಿಂದ ಗುಳಿ, ಎದ್ದುಹೋದ ಲೇಪ ಹಾಗೇ ಇರುತ್ತವೆ. ಕೊಳೆ ಹೋದ ಮೇಲೆ ಇನ್ನೂ ಎದ್ದು ಕಾಣುತ್ತವೆ.

ಇದು ಹೀಟರ್ ಇರುವ, 40 ಕಿಲೋಹರ್ಟ್ಸ್‌ನ ಸ್ಟೀಲ್ ತೊಟ್ಟಿ. ತಳದ ಹೊರಗೆ ಅಂಟಿಸಿದ ಟ್ರಾನ್ಸ್‌ಡ್ಯೂಸರ್‌ಗಳು (ಕರೆಂಟನ್ನು ಅದುರಾಟವಾಗಿ ಬದಲಾಯಿಸುವ ಭಾಗಗಳು) ನೀರನ್ನು ಸೆಕೆಂಡಿಗೆ 40,000 ಸಲ ಅದುರಿಸುತ್ತವೆ. ಒತ್ತಡ ಇಳಿದಾಗ ಹುಟ್ಟುವ ಸಣ್ಣ ಗುಳ್ಳೆಗಳು ಒತ್ತಡ ಏರಿದೊಡನೆ ಕುಸಿಯುತ್ತವೆ. ಆ ಪೆಟ್ಟಿನಿಂದ ಮಸಿ, ಜಿಡ್ಡು ಸಡಿಲವಾಗುತ್ತವೆ. ಬ್ರಷ್ ಹೋಗದ ಸ್ಕ್ರೂ ಎಳೆ, ಕೀಲಿನ ಸಂದುಗಳಲ್ಲೇ ಇದರ ನಿಜವಾದ ಉಪಯೋಗ. ಸ್ಟೀಲಿನ ವಾಚ್ ಪಟ್ಟಿ ಇಳಿಬಿಟ್ಟರೆ ಒಂದೊಂದು ಕೊಂಡಿಯಿಂದಲೂ ಬೂದು ಬಣ್ಣದ ಕೊಳೆ ಎಳೆಎಳೆಯಾಗಿ ಹೊರಬರುವುದು ಬರಿಗಣ್ಣಿಗೇ ಕಾಣುತ್ತದೆ.

"ಏನೂ ಕ್ಲೀನ್ ಆಗಲ್ಲ" ಎನ್ನುವವರಲ್ಲಿ ಹೆಚ್ಚಿನವರು ನಲ್ಲಿ ನೀರು ತುಂಬಿಸಿದ ಕೂಡಲೇ ಸಾಮಾನು ಹಾಕಿರುತ್ತಾರೆ. ನೀರಿನಲ್ಲಿ ಕರಗಿರುವ ಗಾಳಿ ಆ ಪೆಟ್ಟನ್ನೆಲ್ಲ ನುಂಗಿಬಿಡುತ್ತದೆ. ಮೊದಲು 5ರಿಂದ 10 ನಿಮಿಷ ಬರೀ ನೀರಿಟ್ಟು ಯಂತ್ರ ಓಡಿಸಿ, ಗಾಳಿ ಹೊರಹೋಗಲಿ. ಕೆಲವು ಹನಿ ಡಿಟರ್ಜೆಂಟ್ ಸಾಕು, ನೊರೆ ಬರುವಷ್ಟು ಬೇಡ. ಶಾಖ 50–60 ಡಿಗ್ರಿ ಇರಲಿ. ಕುದಿಯುವ ಹತ್ತಿರಕ್ಕೆ ಕಾಯಿಸಿದರೆ ಗುಳ್ಳೆಯೊಳಗೆ ಆವಿ ತುಂಬಿ ಪೆಟ್ಟು ಮೆತ್ತಗಾಗುತ್ತದೆ. ರಕ್ತ, ಹಾಲಿನಂಥ ಕಲೆಗೆ ಮಾತ್ರ ತಣ್ಣೀರಿನಿಂದಲೇ ಶುರುಮಾಡಿ, ಬಿಸಿಗೆ ಅವು ಗಟ್ಟಿಯಾಗಿ ಕೂರುತ್ತವೆ.

3–5 ನಿಮಿಷಕ್ಕೊಮ್ಮೆ ಸಾಮಾನನ್ನು ತಿರುಗಿಸಿಡಬೇಕು. ನೀರಿನಲ್ಲಿ ಅಲೆಗಳು ಒಂದರ ಮೇಲೊಂದು ಬಿದ್ದು ಸುಮಾರು 18 ಮಿಲಿಮೀಟರಿಗೊಂದರಂತೆ ಜೋರಾದ ಪಟ್ಟೆಗಳಾಗುತ್ತವೆ, ನಡುವೆ ಸಪ್ಪೆ ಜಾಗ ಉಳಿಯುತ್ತದೆ. ಬುಟ್ಟಿ ಬಿಟ್ಟು ತಳಕ್ಕೇ ಇಟ್ಟರೆ ತೊಟ್ಟಿ ಸವೆಯುತ್ತದೆ, ಟ್ರಾನ್ಸ್‌ಡ್ಯೂಸರ್ ಮೇಲೂ ಹೊರೆ ಬೀಳುತ್ತದೆ.

ಮುತ್ತು, ಓಪಲ್, ಪಚ್ಚೆ, ಬಿರುಕು ಬಿಟ್ಟ ಗಾಜು, ಅಂಟಿನಿಂದ ಕೂರಿಸಿದ ಹರಳು, ಕೋಟಿಂಗ್ ಏಳುತ್ತಿರುವ ಕನ್ನಡಕ ಇವ್ಯಾವುದನ್ನೂ ಹಾಕಬೇಡಿ. ಕ್ಷಾರ ಹೆಚ್ಚಿರುವ ದ್ರಾವಣದಲ್ಲಿ ಅಲ್ಯೂಮಿನಿಯಂ ಕಪ್ಪಾಗುತ್ತದೆ. ತುಕ್ಕು ಬರೀ ಅದುರಾಟಕ್ಕೆ ಹೋಗದು, ಸಿಟ್ರಿಕ್ ಆಮ್ಲದಂಥದ್ದು ಬೇಕು. ಆಮ್ಲವನ್ನು ನೇರ ತೊಟ್ಟಿಗೆ ಸುರಿಯದೆ ಗಾಜಿನ ಬೀಕರಿನಲ್ಲಿಟ್ಟು, ಬೀಕರನ್ನು ನೀರಿನಲ್ಲಿ ಇಳಿಬಿಡಿ. ಪೆಟ್ರೋಲ್, ಸ್ಪಿರಿಟ್ ಹತ್ತಿರಕ್ಕೂ ತರಬೇಡಿ, ಬೆಂಕಿ ಹತ್ತುತ್ತದೆ.

ಕಾಲ ಕಳೆದಂತೆ ತಳದ ಹೊಳಪು ಹೋಗಿ ಬೂದು ಚುಕ್ಕೆಗಳು ಮೂಡಿವೆ. ಇದು ಸಹಜ, ಆದರೆ ಅಡಿಯಲ್ಲಿ ಮರಳು ನಿಂತರೆ ಸವೆತ ಬೇಗ. ನೀರು ಬಗ್ಗಡವಾದ ಕೂಡಲೇ ಬದಲಾಯಿಸಿ. ಯಂತ್ರದ ಕಸುವು ನೋಡಲು ತೆಳು ಅಲ್ಯೂಮಿನಿಯಂ ಫಾಯಿಲ್ ಒಂದನ್ನು ಯಂತ್ರ ಓಡುವಾಗ ನೀರಿನಲ್ಲಿ ಅರ್ಧ ನಿಮಿಷ ನೆಟ್ಟಗೆ ಹಿಡಿಯಿರಿ, ಬೆರಳು ಮಾತ್ರ ನೀರಿಗೆ ತಾಗಬಾರದು. ಫಾಯಿಲ್ ತುಂಬ ಸಣ್ಣ ತೂತು, ಗುಳಿ ಬಿದ್ದರೆ ಸರಿ. ಒಂದು ಬದಿ ಹಾಗೇ ಉಳಿದರೆ ಆ ಕಡೆಯ ಟ್ರಾನ್ಸ್‌ಡ್ಯೂಸರ್ ಅಂಟು ಬಿಟ್ಟುಕೊಂಡಿರುವ ಸಾಧ್ಯತೆ ಹೆಚ್ಚು. ಬರೀ ಮೋಟಾರಿನಿಂದ ನಡುಗುವ ನಕಲಿ ಯಂತ್ರವೂ ಇಲ್ಲೇ ಸಿಕ್ಕಿಬೀಳುತ್ತದೆ.

ನನ್ನ ದೊಡ್ಡ ತಕರಾರು, ನೀರು ಬಿಡಲು ನಲ್ಲಿ ಇಲ್ಲದಿರುವುದು. ಕರೆಂಟಿನ ಪ್ಲಗ್ ಕಿತ್ತು, ಸ್ವಿಚ್ಚುಗಳಿಲ್ಲದ ಹಿಂಬದಿಗೆ ಬಗ್ಗಿಸಿಯೇ ಚೆಲ್ಲಬೇಕು.