ಪೀಪ್ ಶೋ, ಸ್ಪೇಸ್ಡ್, ದ ಯಂಗ್ ಒನ್ಸ್: ಮೂರೂ ಡಿವಿಡಿ ಸೆಟ್ ನೋಡಿ ಮುಗಿಸಿದ್ಮೇಲೆ

ಒಬ್ಬರಿಗೊಬ್ಬರು ಆಗ್ಬರದೇ ಇರೋ ಜನ ಒಂದೇ ಮನೇಲಿ ಬಾಡಿಗೆಗಿದ್ಕೊಂಡು ಏಗೋದನ್ನ ತೋರಿಸಿ ನಗಿಸೋದು ಬ್ರಿಟಿಷ್ ಟೀವಿಯವರ ಹಳೇ ಕಸುಬು. ಅದ್ರಲ್ಲಿ ಹೆಸರು ಮಾಡಿರೋ ಮೂರು ಸಿಟ್‌ಕಾಮ್‌ಗಳ ಡಿವಿಡಿ ನನ್ನ ಹತ್ರ ಇವೆ, ಇಂಗ್ಲೆಂಡಲ್ಲಿ ಕೆಲಸಕ್ಕಿದ್ದಾಗ ಚಾರಿಟಿ ಶಾಪ್‌ಗಳಲ್ಲಿ (ಜನ ದಾನ ಕೊಟ್ಟ ಹಳೇ ಸಾಮಾನು ಮಾರೋ ಅಂಗಡಿಗಳು) ಹುಡುಕಿ ಹುಡುಕಿ ತಗೊಂಡಿದ್ದು, ಅಲ್ಲಿ ಹಳೇ ಡಿವಿಡಿಗೆ ಒಂದು ಕಾಫಿ ದುಡ್ಡೂ ಬೇಕಾಗಲ್ಲ. ಈಗ ಓದೋಕೆ ಅಂತ ಆ ಕಡೆ ಹೋಗೋ ನಮ್ಮ ಹುಡುಗ್ರು ಹುಡುಗೀರು "ಯಾವ್ದು ಮೊದ್ಲು ನೋಡ್ಲಿ" ಅಂತ ಕೇಳ್ತಾ ಇರ್ತಾರೆ. ಕಾಯಿಸೋದು ಬೇಡ, ಮೊದ್ಲೇ ಹೇಳ್ಬಿಡ್ತೀನಿ: ನೋಡೋಕೆ ಪೀಪ್ ಶೋ. ಆದ್ರೆ ಡಿಸ್ಕ್ ಅಂತ ದುಡ್ಡು ಕೊಟ್ಟು ತಗೊಳ್ಳೋದಾದ್ರೆ ಸ್ಪೇಸ್ಡ್. ಯಂಗ್ ಒನ್ಸ್ ಯಾರಾದ್ರೂ ಕೊಟ್ರೆ ನೋಡಿ.

ಪೀಪ್ ಶೋ ಚಾನೆಲ್ 4ರಲ್ಲಿ 2003ರಿಂದ 2015ರವರೆಗೆ ಬಂತು, 9 ಸೀಸನ್, ಒಂದೊಂದಕ್ಕೆ 6 ಎಪಿಸೋಡ್. ಮಾರ್ಕ್ ಅನ್ನೋನು ಲೋನ್ ಕೊಡೋ ಕಂಪನೀಲಿ ಕೆಲಸ, ಶರ್ಟ್ ಇಸ್ತ್ರಿ, ಇತಿಹಾಸದ ಪುಸ್ತಕ, ಸ್ಟಾಲಿನ್‌ಗ್ರಾಡ್ ಯುದ್ಧದ ಹುಚ್ಚು. ಜೆರೆಮಿ ಅವನ ಕಾಲೇಜ್ ಫ್ರೆಂಡ್, ತಾನು ದೊಡ್ಡ ಮ್ಯೂಸಿಷಿಯನ್ ಅನ್ಕೊಂಡಿರೋನು, ಕೆಲಸ ಇಲ್ಲ, ನಾಚಿಕೆ ಅಂತೂ ಮೊದ್ಲೇ ಇಲ್ಲ. ಸೌತ್ ಲಂಡನ್ನಿನ ಕ್ರಾಯ್ಡನ್‌ನಲ್ಲಿ ಮಾರ್ಕ್‌ದೇ ಸ್ವಂತ ಫ್ಲ್ಯಾಟು, ಜೆರೆಮಿ ಅಲ್ಲಿ ಬೇರು ಬಿಟ್ಟಿದಾನೆ. ಇಷ್ಟೇ ಕಥೆ. ಇದ್ರ ಮಜಾ ಇರೋದು ಕ್ಯಾಮೆರಾದಲ್ಲಿ, ಅದು ಯಾವಾಗ್ಲೂ ಯಾರದೋ ಒಬ್ಬರ ಕಣ್ಣಲ್ಲೇ ಕೂತಿರತ್ತೆ, ಎದುರಿಗಿರೋರು ಸೀದಾ ನಮ್ಮ ಮುಖ ನೋಡ್ಕೊಂಡೇ ಮಾತಾಡ್ತಾರೆ, ಮುತ್ತು ಕೊಡೋಕೆ ಬಂದ್ರೂ ನಮ್ಮ ಮೇಲೇ ಬರ್ತಾರೆ, ಜೊತೆಗೆ ಮಾರ್ಕ್ ಮತ್ತೆ ಜೆರೆಮಿ ಮನಸ್ಸಲ್ಲಿ ಏನು ಅನ್ಕೋತಿದಾರೆ ಅನ್ನೋದು ನಮಗೆ ಕೇಳಿಸ್ತಾ ಇರತ್ತೆ. ಮೊದಲ ಎರಡು ಎಪಿಸೋಡ್ ನಂಗೆ ಸ್ವಲ್ಪ ತಲೆ ಸುತ್ತು ಬಂದಂಗಾಯ್ತು, ಆಮೇಲೆ ಕ್ಯಾಮೆರಾ ಇದೆ ಅನ್ನೋದೇ ಮರೆತೋಯ್ತು.

ಈ ಮನಸ್ಸಿನ ಮಾತು ಇದೆಯಲ್ಲ, ಫ್ಲ್ಯಾಟ್‌ಮೇಟ್ ಜೊತೆ ಇದ್ದೋರಿಗೆ ಅದು ಎಷ್ಟು ನಿಜ ಅಂತ ನಾನು ಹೇಳ್ಬೇಕಾಗಿಲ್ಲ. ನನ್ನ ಹಾಲನ್ನ ಯಾರೋ ಖಾಲಿ ಮಾಡಿದಾರೆ, ಬಾಯಲ್ಲಿ ಬರೋದು "ಪರವಾಗಿಲ್ಲ ಬಿಡಪ್ಪ", ಒಳಗೆ ಅವನ ವಂಶವನ್ನೇ ಬೈದು ಮುಗಿಸಿರ್ತೀವಿ. ಮಾರ್ಕ್ ಪೂರ್ತಿ ಒಂಬತ್ತು ಸೀಸನ್ ಬದುಕೋದೇ ಹೀಗೆ. ಅಪರೂಪಕ್ಕೆ ಒಳಗಿರೋದು ಹೊರಗೆ ಬಂದಾಗ ನೋಡ್ಬೇಕು, ಏಳನೇ ಸೀಸನ್ನಿನ ಕ್ರಿಸ್‌ಮಸ್ ಎಪಿಸೋಡ್ ಅದಕ್ಕೇ ಫೇಮಸ್. ಮಾರ್ಕ್ ಅಪ್ಪ ಅಮ್ಮ ಊಟಕ್ಕೆ ಬಂದಿದಾರೆ, ಜೆರೆಮಿ ತಮಾಷೆಗೆ ಅಂತ ಹಬ್ಬದೂಟದ ಮುಖ್ಯ ಅಡುಗೆ ಟರ್ಕಿ ಕೋಳೀನೇ ಇಲ್ಲ ಅಂದ್ಬಿಡ್ತಾನೆ, ಮಾರ್ಕ್ ಎಲ್ಲರ ಎದುರಿಗೇ ಸಿಡಿದು ಅವನ ಜನ್ಮ ಜಾಲಾಡ್ತಾನೆ. ಅದೇ ದಿನ ಹೂಕೋಸು ಹಬ್ಬದ ಸಾಂಪ್ರದಾಯಿಕ ಅಡುಗೆಯೋ ಅಲ್ವೋ ಅಂತಾನೂ ಒಂದು ಜಗಳ. ನಮ್ಮಲ್ಲಿ ಹಬ್ಬಕ್ಕೆ ಹೋಳಿಗೆ ಬೇಳೇದೋ ಕಾಯಿದೋ ಅಂತ ಮನೆ ಎರಡು ಪಾರ್ಟಿ ಆಗಲ್ವಾ, ಅದನ್ನ ನೋಡಿ ಬೆಳೆದೋರಿಗೆ ಈ ಎಪಿಸೋಡ್‌ಗೆ ಸಬ್‌ಟೈಟಲ್ಲೇ ಬೇಡ.

ಒಂದು ಎಚ್ಚರಿಕೆ. ನಾಲ್ಕನೇ ಸೀಸನ್ನಲ್ಲಿ ಬೋಟ್ ಮೇಲೆ ಹೋಗೋ ಎಪಿಸೋಡ್ ಒಂದಿದೆ, ಅದ್ರಲ್ಲಿ ಒಂದು ನಾಯಿ ಬರತ್ತೆ. ಊಟ ಮಾಡ್ತಾ ನೋಡ್ಬೇಡಿ, ಇಷ್ಟೇ ಹೇಳೋದು. ಅಪ್ಪ ಅಮ್ಮನ ಜೊತೆ ಕೂತು ನೋಡೋ ಸೀರಿಯಲ್ ಅಂತೂ ಇದು ಅಲ್ವೇ ಅಲ್ಲ, ಭಾಷೆ ತುಂಬಾ ಕೊಳಕು. ಮಾರ್ಕ್ ಮನಸ್ಸು ಕೊಟ್ಟಿರೋ ಆಫೀಸಿನ ಸೋಫಿ ಪಾತ್ರ ಮಾಡಿರೋ ಒಲಿವಿಯಾ ಕೋಲ್ಮನ್ ಆಮೇಲೆ ಆಸ್ಕರ್ ತಗೊಂಡ್ರು, ಬರೆದ ಇಬ್ಬರಲ್ಲಿ ಒಬ್ಬರಾದ ಜೆಸ್ಸಿ ಆರ್ಮ್‌ಸ್ಟ್ರಾಂಗ್ ಸಕ್ಸೆಷನ್ ಅನ್ನೋ ಸೀರಿಯಲ್ ಮಾಡಿದ್ರು. ಸಕ್ಸೆಷನ್ ನೋಡಿದೋರಿಗೆ ಆ ಅವಮಾನದ ಸೀನ್‌ಗಳ ತವರುಮನೆ ಎಲ್ಲಿ ಅಂತ ಇಲ್ಲಿ ಗೊತ್ತಾಗತ್ತೆ.

ಇನ್ನು ಸ್ಪೇಸ್ಡ್. ಇದೂ ಚಾನೆಲ್ 4, 1999 ಮತ್ತೆ 2001, ಎರಡೇ ಸೀಸನ್, ಒಟ್ಟು 14 ಎಪಿಸೋಡ್, ಒಂದು ವೀಕೆಂಡಲ್ಲಿ ಮುಗಿಯತ್ತೆ. ಟಿಮ್ ಮತ್ತೆ ಡೈಸಿ ಇಬ್ರಿಗೂ ಮನೆ ಇಲ್ಲ, ಪರಿಚಯಾನೂ ಆಗಷ್ಟೇ ಆಗಿರೋದು, ನಾರ್ತ್ ಲಂಡನ್ನಿನ ಒಂದು ಮನೇನ ಕೆಲಸದಲ್ಲಿರೋ ಜೋಡಿಗೆ ಮಾತ್ರ ಕೊಡೋದು ಅಂತ ಇದ್ದಿದ್ದಕ್ಕೆ ಜೋಡಿ ಅಂತ ಸುಳ್ಳು ಹೇಳಿ ಸೇರ್ಕೋತಾರೆ. ಬ್ಯಾಚುಲರ್‌ಗೆ ಮನೆ ಕೊಡಲ್ಲ, ಫ್ಯಾಮಿಲಿ ಮಾತ್ರ ಅನ್ನೋ ಬೋರ್ಡನ್ನ ಬೆಂಗಳೂರಲ್ಲಿ ನೋಡಿ ಸಾಕಾದೋರಿಗೆ ಈ ಸುಳ್ಳು ತಪ್ಪು ಅಂತ ಅನ್ಸೋದೇ ಇಲ್ಲ. ಸೈಮನ್ ಪೆಗ್ ಮತ್ತೆ ಜೆಸಿಕಾ ಹೈನ್ಸ್ ತಾವೇ ಬರೆದು ತಾವೇ ಆಕ್ಟ್ ಮಾಡಿದಾರೆ, ಡೈರೆಕ್ಟರ್ ಎಡ್ಗರ್ ರೈಟ್, ಕಟಿಂಗ್ ಅಂದ್ರೆ ಕಣ್ಣು ಮಿಟುಕಿಸೋಕೆ ಬಿಡಲ್ಲ. ಟಿಮ್ ರಾತ್ರಿಯೆಲ್ಲ ವಿಡಿಯೋ ಗೇಮ್ ಆಡಿ ಜಾಂಬಿಗಳನ್ನ ನೋಡೋ ಎಪಿಸೋಡಿಂದಾನೇ ಇವರಿಗೆ 2004ರ ಶಾನ್ ಆಫ್ ದ ಡೆಡ್ ಸಿನಿಮಾ ಹೊಳೆದಿದ್ದು.

ಆದ್ರೆ ಫ್ಲ್ಯಾಟ್‌ಮೇಟ್ ಜಗಳ ಬೇಕು ಅಂತ ಕೂತ್ರೆ ಸ್ಪೇಸ್ಡ್‌ನಲ್ಲಿ ಅದು ಕಡಿಮೆ. ಟಿಮ್ ಡೈಸಿ ಜಗಳ ಆಡ್ತಾರೆ, ಆದ್ರೆ ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಪ್ರೀತಿ ಇದೆ ಅಂತ ಮೊದಲ ದಿನಾನೇ ಗೊತ್ತಾಗತ್ತೆ. ಕೆಳಗಡೆ ಮನೆಯ ಕಲಾವಿದ ಬ್ರಯಾನು, ಯಾವಾಗ್ಲೂ ಸಿಗರೇಟು ವೈನ್ ಗ್ಲಾಸ್ ಹಿಡ್ಕೊಂಡೇ ಇರೋ ಓನರಮ್ಮ ಮಾರ್ಷಾ, ಸೈನ್ಯಕ್ಕೆ ಸೇರೋ ಹುಚ್ಚಿನ ಮೈಕು, ಎಲ್ರೂ ಸೇರಿದ್ರೆ ಅದು ಫ್ಲ್ಯಾಟ್ ಅನ್ನೋದಕ್ಕಿಂತ ವಠಾರ. ಬೆಚ್ಚಗಿದೆ, ಚುಚ್ಚಲ್ಲ. ನಂಗೆ ಚುಚ್ಚೋದೇ ಇಷ್ಟ, ಅದು ನನ್ನ ಟೇಸ್ಟು.

ಡಿಸ್ಕ್ ವಿಷ್ಯದಲ್ಲಿ ಮಾತ್ರ ಸ್ಪೇಸ್ಡ್ ಮುಂದೆ ಉಳಿದ ಎರಡೂ ಸೊನ್ನೆ. ಅದ್ರಲ್ಲಿ ಒಂದು ಸೆಟ್ಟಿಂಗ್ ಇದೆ, ಹೆಸರು ಹೋಮೇಜ್ ಓ ಮೀಟರ್, ಆನ್ ಮಾಡಿದ್ರೆ ಯಾವ ಸೀನ್ ಯಾವ ಸಿನಿಮಾಗೆ ಸಲಾಮ್ ಹೊಡೀತಿದೆ ಅಂತ ಸ್ಕ್ರೀನ್ ಮೇಲೇ ಬರತ್ತೆ. ಈ ಸೀರಿಯಲ್ ತುಂಬಾ ಹಾಲಿವುಡ್ಡು, ಕಾಮಿಕ್ಸು, ಹಳೇ ಟೀವಿ ಇರೋದ್ರಿಂದ, ನಮ್ಮಂಥ ದೂರದರ್ಶನ ನೋಡಿ ಬೆಳೆದೋರಿಗೆ ಅರ್ಧಕ್ಕರ್ಧ ತಲೆ ಮೇಲೆ ಹೋಗ್ತಿತ್ತು. ಮೊದ್ಲು ಸುಮ್ನೆ ನೋಡಿ, ಆಮೇಲೆ ಅದನ್ನ ಆನ್ ಮಾಡಿ ನೋಡಿ, ಬೇರೆ ಸೀರಿಯಲ್ ನೋಡಿದಂಗೇ ಆಗತ್ತೆ. ಅಂದಹಾಗೆ ಅಮೆರಿಕದಲ್ಲಿ ಈ ಡಿವಿಡಿ ಬಂದಿದ್ದು 2008ಕ್ಕೆ, ಹಾಡುಗಳ ಹಕ್ಕಿನ ತಕರಾರಿಂದ ಅಷ್ಟು ತಡ.

ದ ಯಂಗ್ ಒನ್ಸ್ ಇವೆರಡಕ್ಕೂ ತಾತ. ಬಿಬಿಸಿ 2, 1982ರಿಂದ 1984, ಬರೀ 12 ಎಪಿಸೋಡ್. ನಾಲ್ಕು ಸ್ಟೂಡೆಂಟ್‌ಗಳು, ಒಂದು ಗಲೀಜು ಮನೆ: ಕ್ರಾಂತಿಕಾರಿ ಥರ ಪೋಸ್ ಕೊಡೋ ರಿಕ್, ಹಣೆ ಮೇಲೆ ಲೋಹದ ನಕ್ಷತ್ರ ಚುಚ್ಕೊಂಡಿರೋ ಪಂಕ್ ವಿವಿಯನ್, ಬೇಳೆ ಬೇಯಿಸಿ ಬೈಸ್ಕೊಳ್ಳೋ ಹಿಪ್ಪಿ ನೀಲ್, ಮತ್ತೆ ಮೈಕ್. ನಡುನಡುವೆ ನಿಜವಾದ ಬ್ಯಾಂಡ್ ಬಂದು ಮನೆಯೊಳಗೇ ಹಾಡತ್ತೆ, ಮೋಟರ್‌ಹೆಡ್ ಕೂಡ ಬಂದಿದೆ. ಇದಕ್ಕೆ ಕಾರಣ ಗೊತ್ತಾದ್ಮೇಲೆ ಆ ಹಾಡೇ ಜೋಕ್ ಅನ್ಸತ್ತೆ: ಹಾಡು ಇದ್ರೆ ಬಿಬಿಸಿ ಲೆಕ್ಕದಲ್ಲಿ ಅದು ವೆರೈಟಿ ಪ್ರೋಗ್ರಾಂ, ವೆರೈಟಿಗೆ ಬಜೆಟ್ ಜಾಸ್ತಿ. ವಿವಿಯನ್ ರೈಲಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ರುಂಡ ಬೇರೆ ಆಗಿ, ಆಮೇಲೆ ತನ್ನ ರುಂಡಾನೇ ತಾನೇ ಒದೀತಾ ಹಳಿ ಮೇಲೆ ನಡೆಯೋ ಸೀನ್ ನೋಡಿ ಹೊಟ್ಟೆ ಹಿಡ್ಕೊಂಡು ನಕ್ಕೆ. ಆದ್ರೆ ಇದು ಮಿರ್ಚಿ ಬಜ್ಜಿ ಥರ, ಎರಡಕ್ಕಿಂತ ಜಾಸ್ತಿ ಒಟ್ಟಿಗೆ ಆಗಲ್ಲ. ಕಿರುಚಾಟ ಜಾಸ್ತಿ, ಸ್ಟುಡಿಯೋ ಜನರ ನಗು ಬೇರೆ, ಆಗಿನ ಪ್ರಧಾನಿ ಥ್ಯಾಚರ್ ಕಾಲದ ಜೋಕ್‌ಗಳು ಎಷ್ಟೋ ನಂಗೆ ದಕ್ಕಲಿಲ್ಲ. ರಿಕ್ ಪಾತ್ರ ಮಾಡಿದ್ದ ರಿಕ್ ಮೇಯಲ್ 2014ರಲ್ಲಿ ತೀರ್ಕೊಂಡ್ರು, ಆ ಮುಖದ ಹುಚ್ಚಾಟ ನೋಡೋಕಾದ್ರೂ ಒಂದ್ಸಲ ನೋಡಿ.

ಇಂಗ್ಲಿಷ್ ಕಿವಿಗೆ ಬೀಳೋ ವಿಚಾರ: ಪೀಪ್ ಶೋನಲ್ಲಿ ಮಾರ್ಕ್ ಮಾತು ಸ್ಪಷ್ಟ, ಅವರಿಬ್ಬರ ಸ್ನೇಹಿತ ಸೂಪರ್ ಹ್ಯಾನ್ಸ್ ಬಂದ್ರೆ ಸಬ್‌ಟೈಟಲ್ ಬೇಕು. ಸ್ಪೇಸ್ಡ್ ಸ್ಪೀಡು. ಯಂಗ್ ಒನ್ಸ್‌ನಲ್ಲಿ ನಾಲ್ಕೂ ಜನ ಒಟ್ಟಿಗೆ ಕೂಗ್ತಾರೆ.

ಊರಿಗೆ ತರೋರಿಗೆ ಕೊನೇದಾಗಿ ಒಂದು ಮಾತು. ಡಿವಿಡಿಗೆ ದೇಶಗಳ ಗುಂಪಿನ ಪ್ರಕಾರ ರೀಜನ್ ಅಂತ ಒಂದು ನಂಬರ್ ಲಾಕ್ ಇರತ್ತೆ: ಬ್ರಿಟನ್ ಡಿವಿಡಿ ರೀಜನ್ 2, ಇಂಡಿಯಾದ್ದು ರೀಜನ್ 5, ಇಲ್ಲಿಯ ಪ್ಲೇಯರ್ ಅದನ್ನ ಓದದೇ ಇರಬಹುದು, ಆಲ್ ರೀಜನ್ ಅಂತ ಬರೆದಿರೋ ಪ್ಲೇಯರ್ ಆದ್ರೆ ತಕರಾರಿಲ್ಲ. ಎರಡೂ ಕಡೆ ಟೀವಿ ಸಿಗ್ನಲ್ ಒಂದೇ ಥರದ್ದು, ಪಾಲ್ ಸಿಸ್ಟಂ ಆಗಿರೋದ್ರಿಂದ ಬಣ್ಣ ಗಿಣ್ಣ ಕೆಡಲ್ಲ. ಕಂಪ್ಯೂಟರ್ ಡ್ರೈವ್‌ನಲ್ಲಿ ರೀಜನ್ ಬದಲಾಯಿಸ್ಬಹುದು, ಆದ್ರೆ ಸಾಮಾನ್ಯವಾಗಿ ಐದೇ ಸಲ, ಆಮೇಲೆ ಕೊನೇದಾಗಿ ಇಟ್ಟಿದ್ದಕ್ಕೇ ಲಾಕ್ ಆಗ್ಬಿಡತ್ತೆ, ಹಂಗಾಗಿ ಹಳೇ ಲ್ಯಾಪ್‌ಟಾಪ್ ಒಂದನ್ನ 2ಕ್ಕೆ ಇಟ್ಟು ಇದಕ್ಕೇ ಅಂತ ಬಿಟ್ಬಿಡಿ. ನಾನು ಹಂಗೇ ಮಾಡಿರೋದು, ಮನೇಲಿ ಅದಕ್ಕೆ ಇಂಗ್ಲೆಂಡ್ ಲ್ಯಾಪ್‌ಟಾಪ್ ಅಂತಾನೇ ಹೆಸರು.