ಮಡಚುವ ಸೈಕಲ್: ರಸ್ತೆಯಲ್ಲಿ ಸಲೀಸು, ಮೆಟ್ಟಿಲಲ್ಲಿ ಕಷ್ಟ

20 ಇಂಚಿನ ಚಕ್ರ, 7 ಗೇರ್, ಸುಮಾರು 12 ಕೆ.ಜಿ. ತೂಕ. ಕಳೆದ ಸೆಮಿಸ್ಟರ್‌ನಿಂದ ಈ ಮಡಚುವ ಸೈಕಲ್ ಹಿಡಿದೇ ಯೂನಿವರ್ಸಿಟಿಗೆ ಹೋಗುತ್ತಿದ್ದೇನೆ. ಪೂರ್ತಿ ದಾರಿ ತುಳಿಯುವುದಿಲ್ಲ. ಹೆಚ್ಚಿನ ದೂರ ರೈಲಿನಲ್ಲಿ. ಇಳಿದ ಮೇಲೆ ಕ್ಯಾಂಪಸ್ಸಿಗೆ ಇನ್ನೂ ಮೂರು ಕಿಲೋಮೀಟರ್ ಇದೆಯಲ್ಲ, ತಲೆನೋವು ಅದೇ. ನಡೆದರೆ ಮೊದಲ ಕ್ಲಾಸ್ ತಪ್ಪುತ್ತದೆ, ಬಸ್ಸಿಗೆ ಕಾದರೂ ತಪ್ಪುತ್ತದೆ. ನಮ್ಮ ಬ್ಯಾಚಿನ ಎಷ್ಟೋ ಜನ ಇದೊಂದೇ ಕಾರಣಕ್ಕೆ ಮನೆಯಿಂದಲೇ ಕಾರು, ಸ್ಕೂಟರ್ ತರುತ್ತಾರೆ. ಸೈಕಲ್ಲಿದ್ದರೆ ಕಾಲು ಗಂಟೆ ಸಾಕು.

ಮಡಚುವುದು ಸುಲಭ. ಹ್ಯಾಂಡಲ್ ಬಗ್ಗಿಸಿ, ನಡುವಿನ ಕೀಲು ಬಿಚ್ಚಿ, ಸೀಟು ಇಳಿಸಿದರೆ ಆಯಿತು. ಆ ಕೀಲಿನ ಲಿವರ್ ಮೇಲೆ ಮಾತ್ರ ಕಣ್ಣಿರಲಿ. ಬಳಸುತ್ತಾ ಸಡಿಲವಾಗುತ್ತದೆ. ಫ್ರೇಮ್ ಕಿರುಗುಟ್ಟಲು ಶುರುವಾದರೆ ಅಂದೇ ಬಿಗಿ ಮಾಡಿಸಿ. ಚಕ್ರ ಚಿಕ್ಕದು, ಹಾಗಾಗಿ ಗುಂಡಿಯ ಹೊಡೆತವೆಲ್ಲ ನೇರ ಬೆನ್ನಿಗೆ. ಟೈರಿನ ಪಕ್ಕದಲ್ಲಿ ಬರೆದಿರುವ ಮಿತಿಯೊಳಗೇ ಗಾಳಿ ಸ್ವಲ್ಪ ಇಳಿಸಿದರೆ ಕುಲುಕಾಟ ಕಡಿಮೆ.

‘ಮೂರು ಕಿಲೋಮೀಟರಿಗೆ ಕಾರು ತೆಗೆದರೆ ಏನು ಮಹಾ ಹೊಗೆ?’ ಎಂದು ಗೆಳೆಯನೊಬ್ಬ ಕೇಳಿದ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಅದು ಸಾಲದೆಂಬಂತೆ, ಹೊಗೆ ಶುದ್ಧ ಮಾಡುವ ಕನ್ವರ್ಟರ್ ಬಿಸಿಯಾಗುವ ತನಕ ಸರಿಯಾಗಿ ಕೆಲಸ ಮಾಡುವುದಿಲ್ಲ. ಚಿಕ್ಕ ಓಡಾಟ ಅಷ್ಟರಲ್ಲೇ ಮುಗಿದಿರುತ್ತದೆ. ಕಿಲೋಮೀಟರ್ ಲೆಕ್ಕಕ್ಕೆ ಅದರದ್ದೇ ಗಲೀಜು ಜಾಸ್ತಿ. ಅವನು ಇನ್ನೂ ಕಾರೇ ತರುತ್ತಾನೆ, ಆ ಮಾತು ಬೇರೆ.

ನಿಜವಾದ ಕಷ್ಟ ಮೆಟ್ಟಿಲಿನದು. ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗ್, ಕೈಯಲ್ಲಿ 12 ಕೆ.ಜಿ., ಲ್ಯಾಬ್ ಮೂರನೇ ಮಹಡಿಯಲ್ಲಿ. ಕೆಳಗೆ ಬಿಟ್ಟು ಬರಲು ಧೈರ್ಯವಿಲ್ಲ. ಇಲ್ಲಿ ಸೈಕಲ್ಲಿನ ತಪ್ಪಿಗಿಂತ ಕ್ಯಾಂಪಸ್ಸಿನದೇ ಜಾಸ್ತಿ ಅಲ್ವಾ? ಒಂದು ಕಾರು ನಿಲ್ಲುವ ಜಾಗದಲ್ಲಿ ಏಳೆಂಟು ಸೈಕಲ್ ನಿಲ್ಲುತ್ತವೆ. ಮಳೆ ಬೀಳದ, ಬೀಗ ಹಾಕುವ ಒಂದು ಶೆಡ್, ಬೆವರಿದ ಅಂಗಿ ಬದಲಿಸಲು ಒಂದು ಕೋಣೆ ಕೊಟ್ಟರೆ ಎಷ್ಟೋ ಜನ ತಾವಾಗಿಯೇ ಸೈಕಲ್ ತರುತ್ತಾರೆ. ಅದು ಬಿಟ್ಟು ‘ಪರಿಸರ ಉಳಿಸಿ’ ಎಂದು ಗೋಡೆಗೆ ಸುಮ್ನೆ ಪೋಸ್ಟರ್ ಅಂಟಿಸಿದರೆ ಯಾರು ತುಳಿಯುತ್ತಾರೆ?

ರೈಲು, ಬಸ್ಸು ಹತ್ತದೆ ಮನೆಯಿಂದ ನೇರ ತುಳಿದುಕೊಂಡೇ ಬರುವವರಿಗೆ ಇದು ಬೇಡ. ದೊಡ್ಡ ಚಕ್ರದ ಮಾಮೂಲಿ ಸೈಕಲ್ಲೇ ಆರಾಮ. ನಡುವೆ ರೈಲು ಹತ್ತುವವರು ಧಾರಾಳವಾಗಿ ಕೊಳ್ಳಿ. ಅದಕ್ಕೆ ಮೊದಲು ಅಂಗಡಿಯಲ್ಲೇ ಮಡಚಿ, ನಿಮ್ಮ ಬ್ಯಾಗೂ ಹಾಕಿಕೊಂಡು, ಎತ್ತಿ ಒಂದು ಮಹಡಿ ಹತ್ತಿ ನೋಡಿ.